ಬಿಳಿಯ ಮೇಲೆ ಬಿಳಿ

“ಮೇಷ್ಟ್ರೇ, ಹಿನ್ನೆಲೆಯ ಬಣ್ಣಕ್ಕೆ ಒಂದು ಸಾಲು, ಚಿತ್ರಕ್ಕೆ ಒಂದು ಸಾಲು, ಚಿತ್ರ ನಿಲ್ಲುವ ಜಾಗಕ್ಕೆ ಮತ್ತೊಂದು. ‘ಬ್ಯಾಕ್‌ಗ್ರೌಂಡ್’ ಎಂಬ ಒಂದೇ ಸಾಲಿನಲ್ಲಿ ಎಲ್ಲವೂ ಮುಗಿಯುವಾಗ ಇಷ್ಟೆಲ್ಲ ಬರೆಯುವುದೇಕೆ?” ಎಂದು ಇಂದುಧರ ಕೇಳಿದ. ಅವನು ವೆಬ್ ಪುಟ ಕಟ್ಟುವುದನ್ನು ಕಲಿಯಲು ಗುರುಬಸಪ್ಪ ಮೇಷ್ಟ್ರ ಬಳಿ ಬಂದು ಎರಡು ತಿಂಗಳಾಗಿತ್ತು.

ಮೇಷ್ಟ್ರು ಹೇಳಿದರು:

ಒಂದು ಹೊಳೆಯ ದಡದ ಊರಿನಲ್ಲಿ ವೆಬ್ ಪುಟ ಬರೆಯುವ ಹೆಂಗಸೊಬ್ಬಳಿದ್ದಳು. ಹೊಳೆ ದಾಟಿಸುವ ಲಾಂಚಿನ ವೇಳೆ ತಿಳಿಸುವ ಪುಟ ಅವಳದೇ. ಕಡುನೀಲಿ ಹಿನ್ನೆಲೆ, ಬಿಳಿ ಅಕ್ಷರ. ಮೂರು ವರ್ಷ ಯಾರೂ ಅದರ ಬಗ್ಗೆ ತಕರಾರು ಹೇಳಲಿಲ್ಲ.

ಒಮ್ಮೆ ಲಾಂಚಿನವರು ಹಿನ್ನೆಲೆಯಲ್ಲಿ ಹೊಳೆಯ ಚಿತ್ರ ಬೇಕೆಂದರು. ಅವಳು ನೀಲಿ ಬಣ್ಣದ ಸಾಲಿನ ಕೆಳಗೆ ‘ಬ್ಯಾಕ್‌ಗ್ರೌಂಡ್’ ಎಂದು ಬರೆದು ಚಿತ್ರದ ಹೆಸರನ್ನಷ್ಟೇ ಕೊಟ್ಟಳು. ಅವಳ ಮೇಜಿನ ಮೇಲೆ ಪುಟ ಚೆಂದವಾಗಿ ಕಂಡಿತು. ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತಲ್ಲ ಎಂದು ಹಿಗ್ಗಿದಳು.

ಆ ಮಳೆಗಾಲ ಹೊಳೆ ಉಕ್ಕಿತು. “ಇಂದು ಲಾಂಚ್ ಇಲ್ಲ” ಎಂದು ಅವಳು ಬೆಳಿಗ್ಗೆಯೇ ಪುಟದಲ್ಲಿ ಹಾಕಿದಳು.

ಆಚೆ ದಡದ ಹಳ್ಳಿಯ ಬಡಗಿಯೊಬ್ಬನ ಹೆಂಡತಿಗೆ ಅಂದು ಹೆರಿಗೆ ನೋವು ಬಂತು. ಆಸ್ಪತ್ರೆ ಇದ್ದದ್ದು ಈಚೆ ದಡದಲ್ಲಿ. ಅವನು ಫೋನಿನಲ್ಲಿ ಪುಟ ತೆರೆದ. ಅಲ್ಲಿ ಏನೂ ಇರಲಿಲ್ಲ. ಸೂಚನೆ ಇಲ್ಲವೆಂದರೆ ಲಾಂಚ್ ಇದೆ ಎಂದುಕೊಂಡು ಹೆಂಡತಿಯನ್ನು ಆಟೋದಲ್ಲಿ ದಡಕ್ಕೆ ತಂದ. ಕಂಡದ್ದು ಕೆಂಪು ನೀರು ಮಾತ್ರ. ಅಲ್ಲಿಂದ ಸೇತುವೆಯ ದಾರಿ ಎಂಬತ್ತು ಕಿಲೋಮೀಟರು. ಮಗು ಆಟೋದಲ್ಲೇ ಹುಟ್ಟಿತು. ತಾಯಿ ಉಳಿದಳು, ಆದರೆ ರಕ್ತ ಬಹಳ ಹೋಗಿತ್ತು.

ನೀರಿಳಿದ ಮೇಲೆ ಬಡಗಿ ಪುಟ ಬರೆದವಳನ್ನು ಹುಡುಕಿಕೊಂಡು ಬಂದ.

“ಒಂದು ಮಾತು ಬರೆಯಬಾರದಿತ್ತೇನಮ್ಮ?”

“ಬರೆದಿದ್ದೆ ಅಣ್ಣ. ದೇವರಾಣೆಗೂ ಬರೆದಿದ್ದೆ.”

ಬಡಗಿ ನಂಬಲಿಲ್ಲ. ಅವಳು ವಾದಿಸಲಿಲ್ಲ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಅವನ ಜೊತೆಗೇ ಲಾಂಚ್ ಹತ್ತಿದಳು.

ಅವನ ಹಳ್ಳಿಯಲ್ಲಿ ನೆಟ್‌ವರ್ಕ್ ಆಗಲೋ ಈಗಲೋ ಎಂಬಂತಿತ್ತು. ಅವನ ಅಂಗಳದಲ್ಲಿ ನಿಂತು ಅವನ ಫೋನಿನಲ್ಲೇ ಪುಟ ತೆರೆದಳು. ಚಿತ್ರ ಬರಲಿಲ್ಲ. ಪರದೆ ಬರೀ ಬಿಳಿ. ಅದರ ಮೇಲೆ ಬೆರಳನ್ನು ಒತ್ತಿ ಎಳೆದಳು. ಬೆರಳು ಹೋದಲ್ಲೆಲ್ಲ ನೀಲಿ ಪಟ್ಟಿ ಮೂಡಿ ಬಿಳಿ ಅಕ್ಷರಗಳು ಎದ್ದು ಕಂಡವು. ಅವಳು ಬರೆದದ್ದೆಲ್ಲ ಅಲ್ಲೇ ಇತ್ತು.

ಅವಳಿಗೆ ಅರ್ಥವಾಯಿತು. ಆ ಒಂದು ಸಾಲಿನಲ್ಲಿ ಅವಳು ಬಣ್ಣದ ಹೆಸರೆತ್ತಿರಲಿಲ್ಲ. ಹೆಸರೆತ್ತದ ಬಣ್ಣವನ್ನು, ಮೇಲಿನ ಸಾಲಿನಲ್ಲಿ ಕೊಟ್ಟಿದ್ದರೂ, ಬ್ರೌಸರ್ ಅಳಿಸಿ ಮೊದಲಿನ ಸ್ಥಿತಿಗೆ, ಅಂದರೆ ಯಾವ ಬಣ್ಣವೂ ಇಲ್ಲದ ಸ್ಥಿತಿಗೆ, ತಂದಿತ್ತು. ಚಿತ್ರ ಬಂದವರಿಗೆ ಅದು ತಿಳಿಯಲಿಲ್ಲ. ಬಾರದವರಿಗೆ ಬಿಳಿಯ ಮೇಲೆ ಬಿಳಿ.

ಅವಳ ಕಣ್ಣು ತುಂಬಿತು. ಆದರೂ ಅಲ್ಲಿಂದ ಹೋಗಲಿಲ್ಲ. ಬಡಗಿಯ ಜಗಲಿಯಲ್ಲೇ ಕೂತು ಆ ಸಾಲನ್ನು ಹೊಸದಾಗಿ ಬರೆದಳು: ಬಣ್ಣ ಕಡುನೀಲಿ, ಚಿತ್ರದ ಹೆಸರು, ಚಿತ್ರ ನಿಲ್ಲುವ ಜಾಗ ನಡುವೆ, ಮೂಡುವುದು ಒಂದೇ ಸಲ. ತಿದ್ದಿದ ಪುಟವನ್ನು ಅಂತರ್ಜಾಲಕ್ಕೆ ಕಳಿಸಲು ನೋಡಿದಳು, ಹೋಗಲಿಲ್ಲ. ಮತ್ತೆ ಕಳಿಸಿದಳು. ಬಾಣಂತಿ ಒಳಗಿಂದ ಎರಡು ಸಲ ಊಟಕ್ಕೆ ಕರೆದಳು. “ಇದು ಆಗಲಿ ತಾಯಿ” ಎಂದಳು ಇವಳು. ಸಂಜೆಯ ಹೊತ್ತಿಗೆ ಹೋಯಿತು. ಬಾಣಂತಿ ತನ್ನ ಫೋನಿನಲ್ಲಿ ಪುಟ ತೆರೆದು, ಚಿತ್ರವಿಲ್ಲದ ಕಡುನೀಲಿಯ ಮೇಲೆ ಮರುದಿನದ ಲಾಂಚಿನ ವೇಳೆಯನ್ನು ಗಟ್ಟಿಯಾಗಿ ಓದಿದ ಮೇಲೆಯೇ ಇವಳು ಊಟಕ್ಕೆ ಕೈ ತೊಳೆದದ್ದು.

ಊರಿಗೆ ಮರಳಿದವಳು ತಾನು ಅದುವರೆಗೆ ಬರೆದ ಪುಟಗಳನ್ನೆಲ್ಲ ಒಂದೊಂದಾಗಿ ತೆರೆದು, ಚಿತ್ರಗಳು ಬಾರದಂತೆ ತಡೆದು ನೋಡಿದಳು. ಇನ್ನೂ ನಾಲ್ಕು ಪುಟಗಳು ಬಿಳಿಯಾಗಿದ್ದವು. ನಾಲ್ಕನ್ನೂ ಸರಿಪಡಿಸಿದಳು.

ಮೇಷ್ಟ್ರು ನಿಲ್ಲಿಸಿದರು.

“ಹಾಗಾದರೆ ಒಂದೇ ಸಾಲಿನಲ್ಲಿ ಬರೆಯುವುದು ತಪ್ಪೇ, ಮೇಷ್ಟ್ರೇ?” ಎಂದ ಇಂದುಧರ. “ಅವಳು ಬಣ್ಣವನ್ನು ಅಳಿಸು ಎಂದು ಹೇಳಿರಲೇ ಇಲ್ಲವಲ್ಲ.”

“ಹೇಳದೆ ಬಿಟ್ಟದ್ದೂ ಅವಳು ಕೊಟ್ಟ ಅಪ್ಪಣೆಯೇ, ಇಂದುಧರ.”