ಒಲ್ಲೆನವ್ವನ ಕೆರೆ

ಗುಂಡಲಬಂಡಿಯ ಅಗಸಿಬಾಗಿಲು ದಾಟಿ ಪೂರ್ವಕ್ಕೆ ಒಂದು ಕೂಗಳತೆ ನಡೆದರೆ ಕೆರೆಯೊಂದು ಸಿಗುತ್ತದೆ. ಕಣ್ಣು ಕುಕ್ಕುವಂಥ ದೊಡ್ಡ ಕೆರೆಯೇನಲ್ಲ. ಬಂಡೆಗಳನ್ನು ಯಾರೋ ಕೈಯಾರೆ ಪೇರಿಸಿಟ್ಟಂತಿರುವ ಎರಡು ಗುಡ್ಡಗಳ ನಡುವೆ ಮಣ್ಣಿನ ಏರಿ, ಏರಿಯ ಉದ್ದಕ್ಕೂ ಬೇವಿನ ಮರಗಳು, ಒಳಮೈಯಲ್ಲಿ ಕಲ್ಲಿನ ತೂಬು, ಕೆಳಗೆ ಕಣ್ಣು ಹಾಯುವವರೆಗೆ ಗದ್ದೆ. ಸರ್ಕಾರದವರು ನೆಟ್ಟ ಹಲಗೆಯ ಮೇಲೆ 'ಗುಂಡಲಬಂಡಿ ಕೆರೆ' ಎಂದು ಬರೆದಿದೆ. ಆ ಹೆಸರನ್ನು ಹಲಗೆ ಬರೆದವನ ಹೊರತು ಬೇರೆ ಯಾರೂ ಬಳಸುವುದಿಲ್ಲ. ಬಸ್ಸಿನ ಕಂಡಕ್ಟರ್ ಕೂಡ 'ಒಲ್ಲೆನವ್ವ ಯಾರ್‍ರೀ, ಇಳೀರಿ' ಎಂದೇ ಕೂಗುತ್ತಾನೆ. ಹೊಸದಾಗಿ ಬಂದವರು ಈ ಹೆಸರು ಕೇಳಿ ತಮಗೆ ತೋಚಿದ್ದನ್ನು ಊಹಿಸುತ್ತಾರೆ. ಯಾವಳೋ ಹುಡುಗಿ ಮುದುಕನನ್ನು ಮದುವೆಯಾಗಲು ಒಲ್ಲೆನೆಂದು ಕೆರೆಗೆ ಹಾರಿರಬೇಕು ಎನ್ನುವವರೇ ಹೆಚ್ಚು. ಅಯ್ಯೋ, ಹೆಣ್ಣು ಒಲ್ಲೆ ಎಂದರೆ ಈ ಜನಕ್ಕೆ ಮದುವೆಯೊಂದೇ ನೆನಪಾಗುತ್ತದೆ! ಆ ಒಲ್ಲೆನವ್ವ, ಅಂದರೆ ಮಾಳವ್ವ, ಮದುವೆಗೆ ಒಲ್ಲೆ ಎಂದವಳಲ್ಲ, ಕೆರೆಗೆ ಹಾರಿದವಳೂ ಅಲ್ಲ. ಗಂಡನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ಗೃಹಿಣಿ ಆಕೆ.

ಹಿಂದೆ ಒಮ್ಮೆ ಈ ಊರಿಗೆ ಅರಸನೂ ಇರಲಿಲ್ಲ, ಗೌಡನೂ ಇರಲಿಲ್ಲ ಎನ್ನುತ್ತಾರೆ. ಇದ್ದದ್ದು ಅರವತ್ತು ಮನೆ, ಏರಿಯ ಮೇಲೆ ಸೇರುವ ಒಂದು ಊರಕೂಟ ಮತ್ತು ಒಂದು ಕರಿಯ ಕಂಬಳಿ. ಆ ಕಂಬಳಿಯ ಕಟ್ಟಳೆ ಬೇರೆಲ್ಲೂ ಇರಲಿಲ್ಲವಂತೆ. ಕೂಟ ಸೇರಿದಾಗಲೆಲ್ಲ ಅದು ಸರದಿಯ ಪ್ರಕಾರ ಒಂದೊಂದು ಮನೆಗೆ ಹೋಗಬೇಕು. ಸರದಿ ಬಂದ ಮನೆಯವರು, ಗಂಡಾಗಲಿ ಹೆಣ್ಣಾಗಲಿ, ಅದನ್ನು ನಡುವೆ ಹಾಸಿ ಕೂರಬೇಕು. ಯಾವ ಮಾತು ಬಂದರೂ ಮೊದಲು ಅವರು 'ಒಲ್ಲೆ' ಎನ್ನಲೇಬೇಕು, ಯಾಕೆ ಒಲ್ಲೆ ಎಂಬುದನ್ನೂ ಹೇಳಬೇಕು. ಆಮೇಲೆ ಉಳಿದವರು ಬಾಯಿ ಬಿಡಬೇಕು. ಎಲ್ಲ ಕೇಳಿಯೂ ಊರು ಹೂಂ ಎಂದರೆ ಕೆಲಸ ನಡೆಯುತ್ತಿತ್ತು. ಹತ್ತು ಜನ ಹೌದು ಎಂದ ಮೇಲೆ ಹನ್ನೊಂದನೆಯವನ ಬಾಯಿ ಕಟ್ಟುತ್ತದೆ ಎಂಬುದು ಹಿರಿಯರಿಗೆ ಗೊತ್ತಿತ್ತು. ಒಲ್ಲೆ ಎನ್ನುವುದನ್ನೇ ಕರ್ತವ್ಯ ಮಾಡಿಬಿಟ್ಟರೆ ಅಂದವನ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ ನೋಡಿ. ಒಬ್ಬನಿಗಂತೂ ತನ್ನ ಮಗಳ ಮದುವೆಯ ಮಾತು ಬಂದ ದಿನವೇ ಸರದಿ ಬಿದ್ದು, ಬೇರೆ ಕಾರಣ ಸಿಗದೆ, ವರ ಗೊರಕೆ ಹೊಡೆಯುತ್ತಾನೆ ಅದಕ್ಕೇ ಒಲ್ಲೆ ಎಂದು ಬೆವರಿದನಂತೆ. ಊರೆಲ್ಲ ನಕ್ಕು ಹೂಂ ಎಂದು ಮದುವೆ ಮಾಡಿಸಿತು.

ಇಂಥ ಊರಿನ ಮೇಲೆ ಒಂದು ಸುಗ್ಗಿಯಲ್ಲಿ ಲೂಟಿಕೋರರ ದಂಡು ಬಿತ್ತು. ಕಣದಲ್ಲಿ ರಾಶಿ ಬಿದ್ದಿತ್ತು, ಗಂಡಸರ ಕೈಯಲ್ಲಿ ಮೊರ ಬಿಟ್ಟರೆ ಬೇರೇನಿರಲಿಲ್ಲ. ಆಗ ಸೋವಣ್ಣ ಎಂಬ ಊರಿನವನೇ ಆದ ಒಬ್ಬ ಒಕ್ಕಲಿಗ, ನಲವತ್ತು ಹುಡುಗರನ್ನು ಕಟ್ಟಿಕೊಂಡು ಗುಡ್ಡದ ಇಕ್ಕಟ್ಟಿನಲ್ಲಿ ದಂಡನ್ನು ತಡೆದ. ಎರಡು ಬೆರಳು ಕಳೆದುಕೊಂಡ. ಅವನು ಗಂಡೆದೆಯವನೇ, ಅದರಲ್ಲಿ ಸುಳ್ಳಿಲ್ಲ. ಮಾರನೆಯ ದಿನದ ಕೂಟದಲ್ಲಿ, ಸೋವಣ್ಣನನ್ನು ಊರಿನ ನಾಯಕನನ್ನಾಗಿ ಮಾಡಿ ಆ ನಲವತ್ತು ಹುಡುಗರಿಗೆ ಈಟಿ ಕೊಟ್ಟು ಅವನ ಕೈಕೆಳಗೆ ಇಡಬೇಕು ಎಂಬ ಮಾತು ಬಂತು. ಅಂದಿನ ಸರದಿ ಶರಭಯ್ಯನದು. ಆತ ಊರಿಗೇ ಹಿರಿಯ, ನೀತಿವಂತ. ಕಂಬಳಿಯ ಮೇಲೆ ಕೂತವನು ಸೋವಣ್ಣನ ಕೈಯ ಬಟ್ಟೆಯಲ್ಲಿ ಇನ್ನೂ ಆರದ ರಕ್ತ ನೋಡಿ ಕಣ್ಣೀರು ಹಾಕಿದ. ನಮ್ಮ ಪ್ರಾಣ ಉಳಿಸಿದವನ ಎದುರಿಗೆ ಒಲ್ಲೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ, ಇದೊಂದು ದಿನ ಕಟ್ಟಳೆ ಸುಮ್ಮನಿರಲಿ ಎಂದು ಎದ್ದು ಕಂಬಳಿ ಮಡಿಸಿದ. ಎಲ್ಲರೂ ಭೇಷ್ ಎಂದರು. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಭರಮನ ಹೆಂಡತಿ ಮಾಳವ್ವನೂ ಆ ದಿನ ಸೆರಗಿನಿಂದ ಕಣ್ಣೊರೆಸಿಕೊಂಡು ಭೇಷ್ ಎಂದವಳೇ. ಗುಂಡಲಬಂಡಿಯವರಲ್ಲದೆ ಬೇರೆ ಯಾರೂ ಮಾಡಲಾರದಂಥ ತಪ್ಪು ಅದು. ಅವರು ಹೆದರಿ ಕೊಡಲಿಲ್ಲ, ಪ್ರೀತಿಯಿಂದ ಕೊಟ್ಟರು.

ಒಂದು ದಿನ ಸುಮ್ಮನಿದ್ದ ಕಟ್ಟಳೆಗೆ ಎರಡನೆಯ ದಿನ ಸುಮ್ಮನಿರುವುದೇನು ಕಷ್ಟ? ದಂಡು ಮತ್ತೆ ಬರುತ್ತದೆ, ತಡೆದು ಮಾತಾಡಲು ಹೊತ್ತಿಲ್ಲ ಎಂದ ಸೋವಣ್ಣ. ಕಂಬಳಿ ಶರಭಯ್ಯನ ಅಟ್ಟ ಸೇರಿತು. ಕೆರೆಗೆ ಹಗೆಗಳು ವಿಷ ಹಾಕಿಯಾರು ಎಂದು ತೂಬಿಗೆ ಈಟಿಯವರ ಕಾವಲು ಬಂತು. ಒಬ್ಬಾತ ಇದೇಕೆ ಎಂದು ಕೇಳಿದ್ದಕ್ಕೆ, ಇವನು ದಂಡಿನವರ ಕಡೆಯವನಿರಬೇಕು ಎಂದು ಸೋವಣ್ಣ ನಕ್ಕ. ಅವನ ಹಿಂದಿದ್ದವರೂ ನಕ್ಕರು. ಮರುದಿನದಿಂದ ಆ ಕೇಳಿದವನ ಕೈಯ ನೀರು ಯಾರೂ ಕುಡಿಯಲಿಲ್ಲ. ಕೂಟ ತಿಂಗಳಿಗೊಮ್ಮೆ ಇದ್ದದ್ದು ಯುಗಾದಿಗೊಮ್ಮೆ ಆಯಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ದಂಡಂತೂ ಬರಲಿಲ್ಲ, ಆದರೆ ದಂಡಿನ ಹೆದರಿಕೆ ಮಾತ್ರ ಊರು ಬಿಟ್ಟು ಹೋಗಲೇ ಇಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬಂತಾಯಿತು ಊರಿನ ಪಾಡು. ಸೋವಣ್ಣ ಏರಿಯ ಕೆಳಗೆ ಗುಡ್ಡದ ಬುಡದಲ್ಲಿ ತನಗೊಂದು ತೋಟ ಮಾಡಿಸಿ, ಮೊದಲ ನೀರು ಅಲ್ಲಿಗೇ ಹೋಗಲಿ ಎಂದು ಅಪ್ಪಣೆ ಮಾಡಿದ. ಭರಮ ನೀರಗಂಟಿಯ ಮಗ, ಮೊಮ್ಮಗ. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂಬುದು ಅವನಿಗೆ ಉಸಿರಿನಷ್ಟು ರೂಢಿ. ಅವನು ಎಂದಿನಂತೆ ಕೆಳಗದ್ದೆಯ ಬಡವರಿಗೇ ಮೊದಲು ತೂಬು ಎತ್ತಿದ. ಅಂದೇ ಅವನನ್ನು ಊರ ಹುಡೇವಿನ ಬುಡದಲ್ಲಿದ್ದ ಕತ್ತಲಕೋಣೆಗೆ ತಳ್ಳಿದರು. ಕಾವಲಿಗೆಂದು ಕಟ್ಟಿದ ಆ ಬುರುಜು ಸೆರೆಮನೆಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು?

ಯುಗಾದಿಗೆ ನಾಲ್ಕು ದಿನ ಉಳಿದಿತ್ತು. ಸೋವಣ್ಣನೇ, ಮಾಳವ್ವ ಎಳೆಯ ಮಗನೊಂದಿಗೆ ಇದ್ದ ಅಂಗಳಕ್ಕೆ ಬಂದ. ಈ ಸಲದ ಕೂಟದಲ್ಲಿ ಊರಿನ ಆಳ್ವಿಕೆಯನ್ನು ತನಗೂ ತನ್ನ ಮಗನಿಗೂ ಶಾಶ್ವತವಾಗಿ ಬರೆದುಕೊಡಬೇಕು, ಇನ್ನು ಮುಂದೆ ಕೂಟವೇ ಬೇಡ ಎಂಬ ಮಾತು ಇಡುವವನಿದ್ದ. ಕಸಿದದ್ದಕ್ಕಿಂತ ಕೊಟ್ಟದ್ದು ಗಟ್ಟಿ ಎಂದು ಅವನಿಗೆ ತಿಳಿದಿತ್ತು. ಅದಕ್ಕೇ ಕಂಬಳಿಯನ್ನು ಅಟ್ಟದಿಂದ ಇಳಿಸಿದ್ದ. ಸರದಿ ಎಣಿಸಿದರೆ ಅದು ನೀರಗಂಟಿಯ ಮನೆಗೇ ಬಂದಿತ್ತು. ಕಟ್ಟಳೆಗೆಂದು ಅಂದ ಒಲ್ಲೆ ಕೂಡ ಉಳಿದವರ ಬಾಯಿ ಬಿಡಿಸೀತು ಎಂಬ ಅಳುಕು ಅವನಿಗಿತ್ತು. ನಾಲ್ಕು ವರ್ಷ ಅಟ್ಟದಲ್ಲಿ ಬಿದ್ದ ಕಂಬಳಿಯನ್ನು ಅವಳ ಮುಂದೆ ಹಾಕಿ, ಇದರ ಮೇಲೆ ಕೂತು ಹೂಂ ಎಂದರೆ ಆ ಸಂಜೆಯೇ ಭರಮ ಮನೆಯಲ್ಲಿರುತ್ತಾನೆ, ಒಲ್ಲೆ ಎಂದರೆ ಅವನ ಮುಖ ಮತ್ತೆ ಕಾಣುವುದಿಲ್ಲ ಎಂದ. ಗದರಲಿಲ್ಲ, ಅಣ್ಣ ತಂಗಿಗೆ ಹೇಳುವ ಹಾಗೆಯೇ ಹೇಳಿದ.

ಮಾಳವ್ವನಿಗೆ ಬೇಕಿದ್ದದ್ದು ಒಂದೇ, ಭರಮ ಮನೆಗೆ ಬರಬೇಕು. ಅದೇ ಮಧ್ಯಾಹ್ನ ಕಾವಲಿನ ಹುಡುಗ ಗೂಳಪ್ಪನ ಕೈಕಾಲು ಹಿಡಿದು ಹುಡೇವಿನ ಗೋಡೆಯ ಕಿಂಡಿಗೆ ಬಾಯಿಟ್ಟು ಎಲ್ಲ ಹೇಳಿದಳು. ಒಳಗಿನಿಂದ ಕೆಮ್ಮು ಬಂತು. ಭರಮ ಮೊದಲು ಕೇಳಿದ್ದು ಕೆಳಗದ್ದೆಗೆ ನೀರು ಹಾಯಿತೇ ಎಂದು. ಅವಳಿಗೆ ಅಳುವಿನ ಜೊತೆಗೆ ಸಿಟ್ಟೂ ಬಂತು. ಇಷ್ಟಾದರೂ ಇವನಿಗೆ ನೀರಿನದೇ ಚಿಂತೆಯಲ್ಲ! ಆಮೇಲೆ ಅವನು, "ನನ್ನ ಸಲುವಾಗಿ ಅಂತ ಏನೂ ಅನಬ್ಯಾಡ. ನಿನಗ ಏನ ಅನಸ್ತದ ಅದನ್ನ ಅನ್ನು" ಎಂದ. ಅಷ್ಟಕ್ಕೇ ಉಸಿರು ಸಾಲದೆ ಸುಮ್ಮನಾದ.

ಮಾರನೆಯ ದಿನದಿಂದ ಮಾಳವ್ವ ಬುಟ್ಟಿ ಹೊತ್ತು ಮನೆಮನೆಗೆ ಹೊರಟಳು. ಸುಗ್ಗಿಯಾದ ಮೇಲೆ ನೀರಗಂಟಿಯ ಮನೆಯವರು ತಮ್ಮ ಪಾಲಿನ ಕಾಳು ಎತ್ತಿಕೊಳ್ಳುವುದು ವಾಡಿಕೆ, ಅದಕ್ಕೆ ಈಟಿಯವರು ತಡೆಯಲಿಲ್ಲ. ಕಾಳು ಸುರಿಯುವ ಹೊತ್ತಿನಲ್ಲಿ ಅವಳು ಪ್ರತಿ ಮನೆಯಲ್ಲೂ ಒಂದೇ ಮಾತು ಕೇಳಿದಳು: ನಿಮಗೆ ಸೋವಣ್ಣನ ಈ ಆಳ್ವಿಕೆ ಬೇಕೇ? ಮೊದಲ ಮನೆಯವಳು ಬಾಗಿಲ ಕಡೆ ನೋಡಿ, ನಮಗಂತೂ ಬೇಡ, ಆದರೆ ಊರಿಗೆಲ್ಲ ಬೇಕಂತಲ್ಲ ಎಂದಳು. ಎರಡನೆಯ ಮನೆಯಲ್ಲೂ ಅದೇ. ಹತ್ತನೆಯ ಮನೆಯಲ್ಲೂ ಅದೇ. ಸೋವಣ್ಣನ ಕಾಕನ ಮನೆಯಲ್ಲಿ ಕೂಡ ಮುದುಕಿ ಕಾಳಿನ ಸದ್ದಿನಲ್ಲಿ ಪಿಸುಗುಟ್ಟಿ ಅದನ್ನೇ ಹೇಳಿದಳು. ಮೂರು ದಿನ ತಿರುಗಿ ಬುಟ್ಟಿ ಇಳಿಸಿದಾಗ ಮಾಳವ್ವ ದಿಗ್ಭ್ರಮೆಗೊಂಡು ಕೂತುಬಿಟ್ಟಳು. ಊರಿನಲ್ಲಿ ಒಬ್ಬರಿಗೂ ಬೇಡ! ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡು ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದಾರೆ. ಇಷ್ಟು ದೊಡ್ಡ ಗುಟ್ಟನ್ನು ಊರೆಲ್ಲ ಸೇರಿ ಊರಿನಿಂದಲೇ ಮುಚ್ಚಿಟ್ಟಿತ್ತು. ಆದರೆ ಒಲೆಯ ಮುಂದೆ ಪಿಸುಗುಟ್ಟಿದವರು ಏರಿಯ ಮೇಲೆ ಬಾಯಿ ಬಿಟ್ಟಾರೆಂದು ಯಾರು ಹೇಳಬೇಕು? ಬಿಡದಿದ್ದರೆ ಭರಮನೂ ಹೋದ, ಊರೂ ಹೋಯಿತು.

ಯುಗಾದಿಯ ಬೆಳಿಗ್ಗೆ ಬೇವು ಬೆಲ್ಲ ತಿಂದು ಜನ ಏರಿಯ ಮೇಲೆ ಸೇರಿದರು. ಸುತ್ತ ನಲವತ್ತು ಈಟಿ. ಮಾಳವ್ವ ಕಂಬಳಿ ಹಾಸಿ ಕೂತಳು. ಸೋವಣ್ಣ ತನ್ನ ಮಾತು ಇಟ್ಟು, ಎಲ್ಲರಿಗೂ ಕಾಣುವಂತೆ ಬೆರಳಿಲ್ಲದ ಕೈ ಎತ್ತಿ, ಸರದಿಯ ಮನೆ ಏನನ್ನುತ್ತದೆ ಎಂದು ಕೇಳಿದ. ಹೂಂ ಎನ್ನುತ್ತಾಳೆ ಎಂದೇ ಎಲ್ಲರೂ ತಿಳಿದರು. ಅವಳೂ ಹಾಗೆಯೇ ತಿಳಿದಿದ್ದಳೋ ಏನೋ.

"ಒಲ್ಲೆ" ಎಂದಳು ಮಾಳವ್ವ. ಕಟ್ಟಳೆಯಂತೆ ಕಾರಣ ಹೇಳಬೇಕಿತ್ತು. ಹೇಳಿದಳು: "ನನ ಗಂಡ ಮನಿಗೆ ಬರ್ಲಿ ಅಂತ ನಾಕು ದಿನದಿಂದ ಹೂಂ ಅನ್ನೂದನ್ನ ಬಾಯಿಪಾಠ ಮಾಡೇನಿ. ಖರೆ, ನಾ ಇವತ್ತ ಹೂಂ ಅಂದ್ರ, ನಾಳಿ ನಿಮ್ಮ ಮನಿಯವರನ್ನ ಹಿಡದಾಗ ಬಂದು ಅಳಾಕ ಈ ಏರಿನೂ ಇರಂಗಿಲ್ಲ."

ಒಬ್ಬ ಹೆಂಗಸಿನ ಮಾತಲ್ಲವೇ, ಕಟ್ಟಳೆ ಮುಗಿಯಿತು, ಇನ್ನು ಊರು ಹೂಂ ಎನ್ನಲಿ ಎಂದ ಸೋವಣ್ಣ. ಆಗ ಶರಭಯ್ಯ ಎದ್ದ. ಕೋಲೂರಿಕೊಂಡು ಬಂದು ಕಂಬಳಿಯ ಅಂಚಿನಲ್ಲಿ ಕಷ್ಟಪಟ್ಟು ಕೂತ. ನಾಲ್ಕು ವರ್ಷದ ಹಿಂದೆ ನನ್ನ ಸರದಿ ತಪ್ಪಿಸಿದ್ದೆನೆಂದೂ ಅದನ್ನು ಈಗ ತೀರಿಸುತ್ತೇನೆಂದೂ ಹೇಳಿ ಒಲ್ಲೆ ಎಂದ. ಅವನ ಪಕ್ಕಕ್ಕೆ ಕೆಳಗದ್ದೆಯ ಒಬ್ಬ ಬಂದು ಕೂತ. ಆಮೇಲೆ ಸೋವಣ್ಣನ ಕಾಕನ ಮನೆಯ ಮುದುಕಿ. ಆಮೇಲೆ ಎಣಿಸುವವರಿಗೂ ಲೆಕ್ಕ ತಪ್ಪಿತು. ಕಂಬಳಿ ಸಾಲದೆ ಜನ ಬರಿನೆಲದ ಮೇಲೆ ಕೂತರು. ಒಬ್ಬರೂ ಅರಚಲಿಲ್ಲ, ತಮ್ಮ ತಮ್ಮ ದನಿಯಲ್ಲಿ ಒಂದೊಂದೇ ಸಲ ಒಲ್ಲೆ ಎಂದರು. ಆ ಸದ್ದು ಗುಡ್ಡಕ್ಕೆ ಬಡಿದು ನೀರಿನ ಮೇಲೆ ಹಾದು ತಿರುಗಿ ಬರುವಾಗ ಬೇವಿನ ಮರದ ಹಕ್ಕಿಗಳೆಲ್ಲ ಎದ್ದುಹೋದವು ಎನ್ನುತ್ತಾರೆ. ಸೋವಣ್ಣ ಮಾಳವ್ವನನ್ನು ಎಳೆದುಹಾಕಿ ಎಂದು ಈಟಿಯವರಿಗೆ ಕೂಗಿದ. ಈಟಿ ಹಿಡಿದವರು ಯಾರು? ಆ ಕೂತವರ ಮಕ್ಕಳೇ. ಗೂಳಪ್ಪ ಎರಡು ಹೆಜ್ಜೆ ಬಂದ, ಈಟಿಯನ್ನು ನೆಲಕ್ಕಿಟ್ಟ, ಮಾಳವ್ವನ ಮುಂದೆ ಮಂಡಿಯೂರಿ, "ಯವ್ವಾ, ಭರಮಣ್ಣ ಮೊನ್ನೇನ ಹೋಗ್ಯಾನ. ಹೇಳಬ್ಯಾಡ ಅಂದಿದ್ರು" ಎಂದು ಅತ್ತುಬಿಟ್ಟ.

ಅಂದರೆ ಹೂಂ ಎಂದಿದ್ದರೂ ಆ ಸಂಜೆ ಮನೆಗೆ ಬರಲು ಯಾರೂ ಇರಲಿಲ್ಲ. ಮಾಳವ್ವ ಕೂತಲ್ಲೇ ಕೂತಿದ್ದಳು. ಜನ ಹುಡೇವಿನ ಬಾಗಿಲು ಮುರಿದು ಭರಮನ ಹೆಣ ತಂದು ಅವಳ ಮುಂದೆ ಮಲಗಿಸಿದರು. ಈಟಿಗಳೆಲ್ಲ ನೆಲ ಸೇರಿದ್ದವು. ಸೋವಣ್ಣ ಒಂಟಿಯಾಗಿ ನಿಂತಿದ್ದ. ನೀರಗಂಟಿಯ ಹೆಣ ನೋಡಿದ ಊರಿಗೆ ತಲೆ ಕೆಟ್ಟಿತು. ಗಂಡಸರು ಹೆಂಗಸರು ಅಳುತ್ತ ಮಾಳವ್ವನ ಕಾಲಿಗೆ ಬಿದ್ದರು. ನೀನೇ ನಮ್ಮ ತಾಯಿ, ಇನ್ನು ಮುಂದೆ ನೀನು ಹೇಳಿದ್ದೇ ಮಾತು, ಊರು ನಿನ್ನದು, ಕೂಟ ಗೀಟ ಏನೂ ಬೇಡ, ಇವನನ್ನು ಏನು ಮಾಡಬೇಕೋ ಹೇಳು, ಈಗಲೇ ಮಾಡುತ್ತೇವೆ ಎಂದರು. ಒಂದು ಮಾತು ಸಾಕಿತ್ತು ಅವಳಿಗೆ. ಗಂಡನನ್ನು ಕೊಂದವನು ಹತ್ತು ಮಾರು ದೂರದಲ್ಲಿದ್ದ.

ಮಾಳವ್ವ ಭರಮನ ಮುಖದ ಮೇಲಿನ ಮಣ್ಣು ಒರೆಸಿದಳು. ಆಮೇಲೆ ತಲೆ ಎತ್ತಿದಳು.

"ಒಲ್ಲೆ" ಎಂದಳು. "ಅವಗೂ ನೀವು ಹಿಂಗ ಕೊಟ್ಟಿದ್ರಿ. ಹಿಂಗ ಅತಗೋತ. ಕಂಬಳಿ ಮುಂದಿನ ಮನಿಗೆ ಕೊಡ್ರಿ."

ಊರು ಅವಳನ್ನು ಒಲ್ಲೆನವ್ವ ಎಂದು ಕರೆದದ್ದು ಈ ಎರಡನೆಯ ಒಲ್ಲೆಗೆ. ಈಟಿಯ ಎದುರು ಒಲ್ಲೆ ಎಂದವರು ಆ ದಿನ ಊರಿಗೆ ಊರೇ ಇದ್ದರು. ಕಾಲಿಗೆ ಬಿದ್ದವರ ಎದುರು ಒಲ್ಲೆ ಎಂದವಳು ಅವಳೊಬ್ಬಳೇ. ಕಂಬಳಿ ಮುಂದಿನ ಮನೆಗೆ ಹೋಯಿತು. ಸೋವಣ್ಣನ ವಿಚಾರ ಮೂರು ದಿನ ನಡೆದು, ಆ ಮನೆಯವನು ಕಟ್ಟಳೆಯಂತೆ ಅವನನ್ನು ದಂಡಿಸಲು ಒಲ್ಲೆ ಎಂದು ಅವನ ಪರವಾಗಿಯೂ ವಾದಿಸಿ, ಕೊನೆಗೆ ಊರು ಅವನನ್ನು ಸೀಮೆಯಾಚೆ ಕಳಿಸಿತು. ಭರಮನ ಮಗ ಬೆಳೆದು ತೂಬಿನ ಕೆಲಸ ಹಿಡಿದ. ಮಾಳವ್ವ ಮುಂದೆ ಬಹಳ ವರ್ಷ ಬುಟ್ಟಿ ಹೊತ್ತು ಕಾಳು ಎತ್ತುತ್ತ, ಯಾರ ಮನೆಯಲ್ಲಿ ಏನು ಬೇಸರವಿದೆ ಎಂದು ಕೇಳುತ್ತ ಬದುಕಿದಳು. ಕೂಟದಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳಂತೆ.

ಅವಳು ತೀರಿಕೊಂಡಾಗ ಒಂದು ಕಲ್ಲು ನಿಲ್ಲಿಸಬೇಕು ಎಂಬ ಮಾತು ಕೂಟಕ್ಕೆ ಬಂತು. ಆ ದಿನದ ಸರದಿಯವನು ಒಲ್ಲೆ ಎಂದ. ಎತ್ತರದ ಕಲ್ಲು ನಿಲ್ಲಿಸಿದರೆ ಅವಳಿಗೆ ಸಿಟ್ಟು ಬಂದೀತು ಎಂಬುದು ಅವನ ಕಾರಣ. ಹಾಗಾಗಿ ಅರವತ್ತು ಮನೆಯವರೂ ಒಂದೊಂದು ಮಂಡಿಯೆತ್ತರದ ಕಲ್ಲು ತಂದು ಏರಿಯ ಮೇಲೆ ಬೇವಿನ ನೆರಳಿನಲ್ಲಿ ಸುತ್ತಲೂ ನಿಲ್ಲಿಸಿದರು. ಇಂದಿಗೂ ಅವು ಅಲ್ಲಿವೆ. ಅಕ್ಷರವಿಲ್ಲ, ಕಣ್ಣು ಮೂಗಿಲ್ಲ, ಒಂದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ದೂರದಿಂದ ಬಂದವರು ಹೂವು ಹಿಡಿದು, ಇವುಗಳಲ್ಲಿ ಒಲ್ಲೆನವ್ವ ಯಾವುದು ಎಂದು ಕೇಳುತ್ತಾರೆ. ಅಲ್ಲೇ ದನ ಕಾಯುವ ಮುದುಕರು, ನಮಗೂ ಗೊತ್ತಿಲ್ಲರೀ ಎನ್ನುತ್ತಾರೆ. ಬಂದವರು ತಂದ ಮಾಲೆಯನ್ನು ಬಿಡಿಸಿ ಒಂದೊಂದು ಕಲ್ಲಿಗೂ ಒಂದೊಂದು ಹೂ ಇಟ್ಟು ಹೋಗುತ್ತಾರೆ.