ಸಮುದ್ರದ ಮೇಲೆ ಏಳು ಚುಕ್ಕಿ ಏಳು ಸಾಲು

ಇತ್ತೋ ಇಲ್ಲವೋ ಅಂತ ವಾದ ಮಾಡುತ್ತ ಕೂತರೆ ಕತೆ ಮುಂದಕ್ಕೆ ಹೋಗುವುದಿಲ್ಲ, ಅದಕ್ಕೇ ಇತ್ತು ಅಂತಲೇ ಇಟ್ಟುಕೊಳ್ಳಿ. ಒಂದಾನೊಂದು ಊರು. ಹೆಸರು ಬತ್ತಿದಕೆರೆ. ಆ ಊರಿನವರು ನೀರು ಕಂಡಿದ್ದೆಲ್ಲ ಚೊಂಬಿನಲ್ಲೇ. ಸಮುದ್ರ ಅಂದರೆ ಬಹಳ ದೊಡ್ಡ ಚೊಂಬು ಅಂತ ತಿಳಿದಿದ್ದರು.

ಆ ಊರಿನ ರಾಜ ಚುಕ್ಕಿರಾಯ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ರಂಗೋಲಿಯ ಚುಕ್ಕಿ ಎಣಿಸುವುದೊಂದೇ ಬೇಕು. ಬೆಳಗ್ಗೆ ಎದ್ದು ಬೀದಿ ಬೀದಿ ತಿರುಗಿ, ಪ್ರತಿ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳು ಮಡಿಸಿ ಎಣಿಸಿದ ಮೇಲೆಯೇ ರೊಟ್ಟಿ ಮುಟ್ಟುತ್ತಿದ್ದ. ಹೊಸದಾಗಿ ಮದುವೆಯಾದವರಿಗೆ ಅವನದೊಂದು ಕಟ್ಟಳೆ ಇತ್ತು. ಮಧುಚಂದ್ರಕ್ಕೆ ಎಲ್ಲಿಗೆ ಬೇಕಾದರೂ ಹೋಗಿ. ಆದರೆ ಉಳಿದುಕೊಂಡ ಮನೆಯ ಮುಂದೆ, ಬಾಗಿಲಿಗೆ ನೀರು ಹಾಕಿದ ಜಾಗದಲ್ಲೇ, ದಿನವೂ ಏಳು ಚುಕ್ಕಿ ಏಳು ಸಾಲಿನ ರಂಗೋಲಿ ಇರಬೇಕು. ಏಳನೆಯ ಬೆಳಗ್ಗೆ ರಾಜನೇ ಬಂದು ಎಣಿಸುತ್ತಾನೆ. ನಲವತ್ತೊಂಬತ್ತರಲ್ಲಿ ಒಂದು ಕಮ್ಮಿಯಾದರೂ ಆ ಮದುವೆ ಮದುವೆಯಲ್ಲ. ಹೆಣ್ಣು ತವರಿಗೆ, ಗಂಡು ಅವನ ಮನೆಗೆ. ಮದುವೆ ಊಟ ಉಂಡವರೆಲ್ಲ ವಾಪಸ್ಸು ಹಸಿದುಕೊಳ್ಳಬೇಕು.

ಈ ಊರಿನಲ್ಲಿ ತಾಯಮ್ಮಣ್ಣಿ ಅನ್ನುವವಳಿಗೆ ಮರಿಸ್ವಾಮಿ ಅನ್ನುವವನ ಜೊತೆ ಮದುವೆಯಾಯಿತು. ಮರಿಸ್ವಾಮಿ ಒಳ್ಳೆಯವನೇ, ಜಗಳಗಂಟನಲ್ಲ, ಬೈಯುವವನಲ್ಲ. ಆದರೆ ಏನು ಕೇಳಿದರೂ ಒಂದೇ ಮಾತು. ಸಾರಿಗೆ ಉಪ್ಪು ಸಾಕಾ? ನಿನ್ನಿಷ್ಟ. ಚಾಪೆ ಈ ಕಡೆ ಹಾಸಲಾ, ಆ ಕಡೆ ಹಾಸಲಾ? ನಿನ್ನಿಷ್ಟ. ಒಂದು ದಿನ ಅವಳು ತಲೆ ಬಗ್ಗಿಸಿಕೊಂಡು ಕೇಳಿಯೇಬಿಟ್ಟಳು.

“ಏನೂಂದ್ರೆ, ನಾನು ನಿಮಗಿಷ್ಟವಾ?”

“ನಿನ್ನಿಷ್ಟ,” ಅಂದ ಮರಿಸ್ವಾಮಿ, ಅಭ್ಯಾಸಬಲದಿಂದ.

ತಾಯಮ್ಮಣ್ಣಿಗೆ, ಇವರು ನನ್ನನ್ನು ಮೆಚ್ಚಿ ತಾಳಿ ಕಟ್ಟಿದರೋ, ಯಾರೋ ಹೇಳಿದರು ಅಂತ ತಲೆ ಆಡಿಸಿದರೋ ಅನ್ನುವ ಚಿಂತೆ ಹತ್ತಿತು.

ಆಗ ಅವಳ ಕಣ್ಣಿಗೆ ಬಿತ್ತು ನೋಡಿ, ಗೋಡೆಯ ಮೇಲಿನ ಕ್ಯಾಲೆಂಡರು. ಅದರಲ್ಲೊಂದು ದ್ವೀಪ. ದ್ವೀಪದ ಮಗ್ಗುಲಲ್ಲಿ ಸಮುದ್ರದೊಳಗೇ ಕಾಲಿಟ್ಟುಕೊಂಡು ನಿಂತ ಹುಲ್ಲುಛಾವಣಿಯ ಬಂಗಲೆಗಳು. ಎಷ್ಟು ಚೆಂದವಾಗಿದ್ದವು ಅಂದರೆ ಅವಳು ಆ ತಿಂಗಳು ಮುಗಿದರೂ ಹಾಳೆ ತಿರುವಲಿಲ್ಲ. ಮಧುಚಂದ್ರ ಅಂದರೆ ಇಲ್ಲೇ ಅಂತ ತೀರ್ಮಾನಿಸಿದಳು. ಆದರೆ ಯಾವ ದ್ವೀಪ, ಯಾವ ಬಂಗಲೆ? ಅವಳು ಯೋಚಿಸಿದಳು. ಇವಕ್ಕೆ ಕಾಲಿದೆ. ಕಾಲಿದ್ದ ಮೇಲೆ ನಡೆಯಲೂ ಬರಬೇಕು. ನಡೆಯಲು ಬರುವವರನ್ನು ಕರೆಸಿ ನೋಡುವುದೇ ಮರ್ಯಾದೆ. ಅವಳು ಕಾಗದ ಬರೆದಳು: “ಬಂದು ಮುಖ ತೋರಿಸಿ ಹೋಗುವುದು.”

ಬಂದವು. ಮೂರು ದ್ವೀಪಗಳಿಂದ ಮೂರು ಬಂಗಲೆಗಳು, ಮರದ ಕಾಲು ಎತ್ತಿಡುತ್ತ, ನೀರು ತೊಟ್ಟಿಕ್ಕಿಸುತ್ತ, ಬೀದಿ ತುಂಬ ಬಂದವು. ಊರಿನವರು ಆ ಹನಿಯನ್ನು ಬೆರಳಿಂದ ನೆಕ್ಕಿ, ಸಮುದ್ರಕ್ಕೆ ಉಪ್ಪು ಹೆಚ್ಚಾಗಿದೆ ಅಂದರು. ಚಾಪೆ ಹಾಸಿ, ಬಂಗಲೆಗಳನ್ನು ಕೂರಿಸಿ, ಉಪ್ಪಿಟ್ಟು ಕೇಸರಿಬಾತು ಕೊಟ್ಟರು. ಮರಿಸ್ವಾಮಿಯ ಸೋದರತ್ತೆ ಎದುರಿಗೆ ಕೂತು ಹೆಣ್ಣು ನೋಡುವ ಗತ್ತಿನಲ್ಲಿ ಶುರು ಮಾಡಿದಳು.

“ಹಾಡು ಬರ್ತದಾ?”

ಮೊದಲನೆಯ ಬಂಗಲೆ ಕಿಟಕಿಗಳನ್ನೆಲ್ಲ ತೆರೆದು ಗಾಳಿಯಲ್ಲಿ ಹಾಡಿತು. ಊರೇ ತಲೆದೂಗಿತು. “ನನ್ನ ನೆಲ ಗಾಜಿಂದು,” ಅಂತು ಬಂಗಲೆ. “ಮಂಚದ ಮೇಲೆ ಮಲಗಿಕೊಂಡೇ ಮೀನು ನೋಡಬೌದು.” ಊರಿನವರು ಒಳಗೆ ಹೋಗಿ ಬೋರಲು ಮಲಗಿ ನೋಡಿದರು. ಕೆಳಗೆ ಚಾಪೆ ಕಂಡಿತು. ಚಾಪೆಯೇ ಇಷ್ಟು ಚೆನ್ನಾಗಿ ಕಂಡರೆ ಮೀನು ಇನ್ನೆಷ್ಟು ಚೆನ್ನಾಗಿ ಕಂಡೀತು ಅಂತ ಮೆಚ್ಚಿದರು.

ತಾಯಮ್ಮಣ್ಣಿ ಒಂದೇ ಪ್ರಶ್ನೆ ಕೇಳಿದಳು. “ನಿನ್ನ ಬಾಗಿಲ ಮುಂದೆ ರಂಗೋಲಿ ನಿಲ್ತದಾ?”

“ಒಳಗೇ ಬಿಡಿಸ್ಕೊಳ್ಳಮ್ಮ, ಗಾಜಿನ ಮೇಲೆ.”

“ರಂಗೋಲಿ ಬರೋರಿಗೆ ಹಾಕೋದು. ಒಳಗೆ ಹಾಕಿದ್ರೆ ನಾವೇ ತುಳಿದು ಅಳಿಸ್ತೀವಿ.”

ಎರಡನೆಯ ಬಂಗಲೆಗೆ ಮಲಗುವ ಕೋಣೆಯಿಂದ ನೇರ ಸಮುದ್ರಕ್ಕೆ ಜಾರುಬಂಡಿ ಇತ್ತು. ಸೋದರತ್ತೆ ಪರೀಕ್ಷೆಗೆಂದು ಒಂದು ಸಲ ಜಾರಿದಳು. ಆಮೇಲೆ ಪರೀಕ್ಷೆ ಸಾಲದು ಅಂತ ಇನ್ನೂ ನಾಲ್ಕು ಸಲ ಜಾರಿದಳು. ರಂಗೋಲಿಯ ಮಾತು ಬಂದಾಗ ಬಂಗಲೆ, “ಹೊರಗೆ ಹಲಗೆ ಹಾಸಿದೀನಲ್ಲ, ಅದರ ಮೇಲೆ ಹಾಕಿ,” ಅಂತು.

“ಹಲಗೆ ಒಣಗಿದೆ,” ಅಂದಳು ತಾಯಮ್ಮಣ್ಣಿ. “ನೀರು ಹಾಕಿದ ಕಡೆ ತಾನೆ ರಂಗೋಲಿ? ನಿಮ್ಮ ಮನೆ ಮುಂದೆ ನೀರು ಹಾಕಿರೋದು ಸಮುದ್ರ. ಅಲ್ಲೇ ಹಾಕಬೇಕು.”

ಊರಿನವರಿಗೆ ಇದು ಸರಿ ಅನ್ನಿಸಿತು.

ಮೂರನೆಯದು ಚಿಕ್ಕದು. ಒಂದು ಕಾಲು ತುಸು ಗಿಡ್ಡ, ತಲೆಯ ಹುಲ್ಲು ತೆಳ್ಳಗೆ. “ಹಾಡು ಬರ್ತದಾ?” ಅಂದಳು ಸೋದರತ್ತೆ.

“ಬರಲ್ಲಮ್ಮ. ಮಳೆ ಬಂದ್ರೆ ಒಂದು ಮೂಲೇಲಿ ಸೋರ್ತೀನಿ. ಅದನ್ನೂ ಈಗಲೇ ಹೇಳ್ಬಿಡ್ತೀನಿ.”

“ರಂಗೋಲಿ?”

“ಗೊತ್ತಿಲ್ಲ ತಾಯಿ. ನಮ್ಮ ಸಮುದ್ರಕ್ಕೆ ಇದುವರೆಗೂ ಯಾರೂ ಹಾಕಿಲ್ಲ. ಪಾಪ, ಅದಕ್ಕೂ ಆಸೆ ಇರಬೌದು.”

ತಾಯಮ್ಮಣ್ಣಿಗೆ ನಾಚಿಕೆಯಾಯಿತು. ತಿಂಗಳ ಹಿಂದೆ ಇದೇ ಸೋದರತ್ತೆ ಇದೇ ಪ್ರಶ್ನೆ ಕೇಳಿದಾಗ, ಬರದಿದ್ದರೂ ಹಾಡು ಬರುತ್ತದೆ ಅಂದಿದ್ದಳು ಅವಳು. ಈ ಬಂಗಲೆಗೆ ಇದ್ದ ಧೈರ್ಯ ತನಗಿರಲಿಲ್ಲ. ಗಂಡನ ಕಡೆ ತಿರುಗಿದಳು. “ಯಾವುದು ಅಂತೀರಿ?”

“ನಿನ್ನಿಷ್ಟ.”

“ಹಂಗಾದ್ರೆ ಇದು,” ಅಂದಳು. ಇಬ್ಬರೂ ಹತ್ತಿ ಕೂತರು. ಬಂಗಲೆ ಎದ್ದು, ಕುಂಟುತ್ತ ಕುಂಟುತ್ತ ಸಮುದ್ರಕ್ಕೆ ವಾಪಸ್ಸು ನಡೆಯಿತು.

ಆ ಸಮುದ್ರವನ್ನು ಏನೆಂದು ಹೇಳಲಿ! ಹತ್ತಿರದಲ್ಲಿ ಎಳನೀರಿನ ತಿಳಿ, ಅದರಾಚೆ ಎಳೆ ಬಾಳೆಲೆಯ ಹಸಿರು, ಅದರಾಚೆ ನವಿಲಿನ ಕತ್ತಿನ ನೀಲಿ. ತಾಯಮ್ಮಣ್ಣಿ ನೋಡಿದಳು, ನೋಡಿದಳು, ಇದು ಚೊಂಬಲ್ಲ ಅಂತ ಒಪ್ಪಿಕೊಂಡಳು. ಬೆಳಗ್ಗೆ ಎದ್ದು ಕೊನೆಯ ಮೆಟ್ಟಿಲಲ್ಲಿ ಕೂತು, ಚಿಟಿಕೆ ಅಕ್ಕಿಹಿಟ್ಟು ತೆಗೆದು ನೀರಿನ ಮೇಲೆ ಮೊದಲ ಚುಕ್ಕಿ ಇಟ್ಟಳು. ಒಂದು ಹಳದಿ ಮೀನು ಬಂದು ಗುಳುಂ ಅಂತ ತಿಂದುಬಿಟ್ಟಿತು.

ಅವಳಿಗೆ ಅಳು ಬಂತು. ಆಮೇಲೆ ಅವ್ವ ಹೇಳಿದ್ದು ನೆನಪಾಯಿತು. ಇರುವೆ ತಿನ್ನಲಿ ಅಂತಲೇ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕುವುದು. ಇಲ್ಲಿ ಇರುವೆ ಇಲ್ಲ, ಹಾಗಾಗಿ ಮೀನೇ ಇರುವೆ.

“ತಿಂದ್ಯಾ? ಸಂತೋಷ,” ಅಂದಳು ಮೀನಿಗೆ. “ಚುಕ್ಕಿ ತಿಂದೋರು ಚುಕ್ಕಿ ಜಾಗದಲ್ಲಿ ನಿಂತ್ಕೋಬೇಕು.”

ಮೀನಿಗೆ ಮಾತು ನ್ಯಾಯವಾಗಿ ಕಂಡಿತು. ನಿಂತುಕೊಂಡಿತು. ಎರಡನೆಯದು ತಿಂದಿತು, ನಿಂತಿತು. ಮೂರನೆಯದು ತಿಂದಿತು, ನಿಂತಿತು. ಹೀಗೆ ನಲವತ್ತೊಂಬತ್ತು ಹಳದಿ ಮೀನುಗಳು ಏಳೇಳರ ಸಾಲಿನಲ್ಲಿ ನಿಂತವು. ಉದ್ದನೆಯ ಮೀನುಗಳು ಕೇಳದೆಯೇ ಬಂದು ಅವುಗಳ ಸುತ್ತ ಎಳೆಯಾಗಿ ಬಳುಕಿದವು. ಜೀವಮಾನದಲ್ಲೇ ಮೊದಲ ರಂಗೋಲಿ ಅಂತ ಸಮುದ್ರ ಉಸಿರು ಬಿಗಿಹಿಡಿದು ಅಲೆ ನಿಲ್ಲಿಸಿತು. ಆರು ದಿನ ಹೀಗೇ ನಡೆಯಿತು.

ಏಳನೆಯ ಬೆಳಗ್ಗೆ ಚುಕ್ಕಿರಾಯ ಬಂದ, ಸ್ನಾನದ ಹಂಡೆಯಲ್ಲಿ ಕೂತು, ಸೌಟಿನಿಂದ ಹುಟ್ಟು ಹಾಕುತ್ತ. ಬೆರಳು ಮಡಿಸುತ್ತ ಎಣಿಸಿದ. ನಲವತ್ತಾರು, ನಲವತ್ತೇಳು, ನಲವತ್ತೆಂಟು. ಅಲ್ಲಿಗೆ ನಿಂತ.

ಮೂಲೆಯ ಮೀನು ತಂಗಿಯ ಮದುವೆಗೆ ಹೋಗಿತ್ತು. ಹೇಳಿಯೇ ಹೋಗಿತ್ತು, ತಾಯಮ್ಮಣ್ಣಿಯೇ ಮರೆತಿದ್ದಳು. “ಇನ್ನೊಂದು ಸಲ ಎಣಿಸ್ತೀನಿ,” ಅಂದ ರಾಜ. “ಕಮ್ಮಿಯಾದ್ರೆ ನೀನು ತವರಿಗೆ.”

ಅವಳು ಗಂಡನ ಕಡೆ ನೋಡಿದಳು. ಬಾಯಿ ತೆರೆದು ಏನೂ ಕೇಳಲಿಲ್ಲ. ಕೇಳಿದರೆ ಏನನ್ನುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ರಾಜ ಬಗ್ಗಿ ಮತ್ತೆ ಮೊದಲ ಸಾಲಿಂದ ಶುರು ಮಾಡಿದ.

ಧುಡುಂ ಅಂತ ಸದ್ದಾಯಿತು. ಚೊಂಬಿನ ಹೊರಗೆ ನೀರನ್ನೇ ಕಾಣದ ಊರಿನ ಮರಿಸ್ವಾಮಿ, ಈಜು ಬಾರದ ಮರಿಸ್ವಾಮಿ, ಸಮುದ್ರಕ್ಕೆ ಹಾರಿದ್ದ. ಮುಳುಗಿದ, ಎದ್ದ, ಮುಳುಗಿದ. ಬಂಗಲೆ ತನ್ನ ಗಿಡ್ಡ ಕಾಲನ್ನು ಅವನ ಕಡೆ ಚಾಚಿತು. ಅದನ್ನು ತಬ್ಬಿಕೊಂಡು ಮೂಲೆಯ ಜಾಗದಲ್ಲಿ ನಿಂತ. ನೀರಿನ ಮೇಲೆ ತಲೆಯೊಂದೇ ಕಂಡಿತು. ತಾಯಮ್ಮಣ್ಣಿ ಒಂದು ಹಿಡಿ ಅಕ್ಕಿಹಿಟ್ಟನ್ನು ಆ ತಲೆಯ ಮೇಲೆ ಸುರಿದಳು.

“ನಲವತ್ತೆಂಟು,” ಅಂದ ರಾಜ. “ನಲವತ್ತೊಂಬತ್ತು. ಈ ಚುಕ್ಕಿ ಸ್ವಲ್ಪ ದಪ್ಪ ಆಯ್ತು.”

“ಹೊಸ ಕೈ, ಮಹಾಸ್ವಾಮಿ,” ಅಂದಳು ತಾಯಮ್ಮಣ್ಣಿ.

ರಾಜ ಬಗ್ಗಿ ಚುಕ್ಕಿಯನ್ನೇ ಕೇಳಿದ. “ಚುಕ್ಕಿಯೇ, ನಿನ್ನನ್ನ ಇಲ್ಲಿ ಯಾರು ಇಟ್ಟೋರು?”

ಚುಕ್ಕಿ ಬಾಯಿಂದ ಉಪ್ಪುನೀರು ಉಗುಳಿ ಹೇಳಿತು. “ಯಾರೂ ಇಡಲಿಲ್ಲ, ಮಹಾಸ್ವಾಮಿ. ನನ್ನಿಷ್ಟ.”

ರಾಜನಿಗೆ ಪರಮಾನಂದವಾಯಿತು. ಅವನು ಹಂಡೆಯಲ್ಲೇ ಕೂತು ರೊಟ್ಟಿ ತಿಂದು ಹೊರಟುಹೋದ.

ತಾಯಮ್ಮಣ್ಣಿ ಮೆಟ್ಟಿಲ ಮೇಲೆ ಕೂತು ಗಂಡನನ್ನು ನೋಡಿದಳು. ಕಣ್ಣು ತುಂಬಿ, ಹಿಟ್ಟಿನ ತಲೆ ಎರಡೆರಡಾಗಿ ಕಂಡಿತು. “ಮೇಲೆ ಬನ್ನಿ, ನೆಗಡಿಯಾಗ್ತದೆ,” ಅಂದಳು.

“ಬರಲ್ಲ,” ಅಂದ ಮರಿಸ್ವಾಮಿ. “ನೀನೇ ಇಳಿದು ಬಾ.”

ಅವಳು ಸೀರೆಯ ಸೆರಗು ಬಿಗಿದು ಇಳಿದಳು.

ಈಗಲೂ ಬತ್ತಿದಕೆರೆಯಲ್ಲಿ ರಂಗೋಲಿ ಹಾಕುವವರು ಮೂಲೆಯ ಚುಕ್ಕಿಯನ್ನು ಒಂದಿಷ್ಟು ದಪ್ಪ ಇಡುತ್ತಾರೆ. ಅದೇನು ಅಂತ ಕೇಳಿದರೆ, ಅದು ಗಂಡ ಅನ್ನುತ್ತಾರೆ. ಇದರಿಂದ ತಿಳಿಯುವ ನೀತಿ ಏನಪ್ಪಾ ಅಂದರೆ, ಮಧುಚಂದ್ರಕ್ಕೆ ಮನೆ ಆರಿಸುವವರು ಮೊದಲು ಅದಕ್ಕೆ ಉಪ್ಪಿಟ್ಟು ಕೊಟ್ಟು ಮಾತಾಡಿಸಿ ನೋಡಬೇಕು. ಕತೆ ಅಲ್ಲಿಗೆ ಇಳಿಯಿತು, ನನ್ನ ಗಂಟಲು ಇಲ್ಲಿ ಒಣಗಿತು. ಆ ಚೊಂಬು ಇತ್ತ ಸರಿಸಿ.