ನಡುಗಡ್ಡೆಯ ಹೆಗ್ಗಣ

ನೀರುನಾಯಿಗಳ ರಾಜ್ಯಕ್ಕೂ ಆಮೆಗಳ ರಾಜ್ಯಕ್ಕೂ ನಡುವೆ ಹರಿಯುವ ಹೊಳೆಯೇ ಗಡಿಯಾಗಿತ್ತು. ಒಂದು ಮಳೆಗಾಲದಲ್ಲಿ ಹೊಳೆ ಎರಡಾಗಿ ಕವಲೊಡೆದು, ನಡುವೆ ತುಂಡು ನೆಲವೊಂದು ನಡುಗಡ್ಡೆಯಾಗಿ ಉಳಿಯಿತು. ಅಲ್ಲಿನ ಬಿಲದಲ್ಲಿ ಒಂದು ಹೆಣ್ಣು ಹೆಗ್ಗಣ ತನ್ನ ಮೂರು ಮರಿಗಳೊಂದಿಗೆ ಬಾಳುತ್ತಿತ್ತು.

ನೀರು ಏರಿ ಬಿಲದ ಬಾಯಿಗೆ ಬಂದಾಗ ಹೆಗ್ಗಣ ಪೂರ್ವದ ದಡಕ್ಕೆ ಕೂಗಿ ಕೇಳಿತು: “ನೀರುನಾಯಿ ದೊರೆಗಳೇ, ಈ ನೆಲ ಯಾರದು?”

“ಅದರಲ್ಲೇನು ಸಂಶಯ? ಒಂದೊಂದು ಹಿಡಿ ಮಣ್ಣೂ ನಮ್ಮದೇ.”

“ಹಾಗಾದರೆ ನನ್ನ ಮರಿಗಳನ್ನು ದಾಟಿಸಿಕೊಡಿ.”

“ನೆಲ ನಮ್ಮದು, ನಿಜ. ನೀನು ಮಾತ್ರ ಆಮೆಗಳ ಪ್ರಜೆ. ಅವರನ್ನೇ ಕೇಳು.”

ಹೆಗ್ಗಣ ಪಶ್ಚಿಮದ ಅಂಚಿಗೆ ಓಡಿತು. ಆ ನೆಲಕ್ಕಾಗಿ ಪ್ರಾಣವನ್ನೇ ಕೊಡುವೆನೆಂದು ಆಮೆಗಳ ಅರಸ ಎದೆ ತಟ್ಟಿಕೊಂಡ. ಮರಿಗಳ ಮಾತೆತ್ತಿದಾಗ, “ನೀನು ಆ ಕಡೆಯವಳಲ್ಲವೇ ತಾಯಿ?” ಎಂದ.

ಹೆಗ್ಗಣಕ್ಕೆ ತಲೆಬುಡ ತಿಳಿಯಲಿಲ್ಲ. ಇಬ್ಬರ ನೆಲದ ಮೇಲೆ ನಿಂತೂ ತಾನು ಯಾರವಳೂ ಅಲ್ಲವೆಂದರೆ ಹೇಗೆ? ತಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದು ಮತ್ತೆ ಪೂರ್ವಕ್ಕೆ, ಮತ್ತೆ ಪಶ್ಚಿಮಕ್ಕೆ ಓಡಾಡುವಷ್ಟರಲ್ಲಿ ನೀರು ಬಿಲದೊಳಗೆ ನುಗ್ಗಿತು. ಪುಣ್ಯಕ್ಕೆ ಒಂದು ಬಾಳೆದಿಂಡು ತೇಲಿ ಬಂತು. ಮರಿಗಳನ್ನು ಅದರ ಮೇಲೆ ಹತ್ತಿಸಿ, ಹಲ್ಲಿನಿಂದ ದಿಂಡನ್ನು ಕಚ್ಚಿ ಹಿಡಿದು, ಹೆಗ್ಗಣ ಪ್ರವಾಹ ಒಯ್ದತ್ತ ಈಜಿತು.

ದಡ ಸೇರಿದೊಡನೆ ಕಾವಲಿನ ಆಮೆಯೊಂದು ಅಡ್ಡ ಬಂತು. “ನಿಲ್ಲು! ಯಾವ ರಾಜ್ಯದಿಂದ ಬಂದೆ?”

ಹೆಗ್ಗಣ ತೋರಿಸಲೆಂದು ತಿರುಗಿ ನೋಡಿತು. ಅಲ್ಲಿ ಕೆಂಪು ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಎರಡೂ ದಡಗಳಿಂದ “ನಮ್ಮದು! ನಮ್ಮದು!” ಎಂಬ ಕೂಗು ಮಾತ್ರ ಇನ್ನೂ ನಿಂತಿರಲಿಲ್ಲ.